ಮೇಷ್ಟ್ರ ಎಡಗಡೆ

ಮೈಸೂರಿಗೆ ಬಂದವರು ಅರಮನೆ ಹುಡುಕುತ್ತಾರೆ, ಮೃಗಾಲಯ ಹುಡುಕುತ್ತಾರೆ, ಒಳ್ಳೆಯ ಮಸಾಲೆದೋಸೆ ಎಲ್ಲಿ ಸಿಗುತ್ತದೆ ಎಂದು ಆಟೋದವರನ್ನು ಕೇಳುತ್ತಾರೆ. ಡ್ರಾಮಾ ಮೇಷ್ಟ್ರು ಕದರಯ್ಯ ಮಾತ್ರ ಇನ್ನೂ ಕತ್ತಲಿರುವಾಗಲೇ ಎದ್ದು, ಹಾರ್ಮೋನಿಯಂ ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು, ಸದ್ದಿಲ್ಲದ ಒಂದು ಜಾಗ ಹುಡುಕುತ್ತ ಹೊರಟರು. ಡಿಸೆಂಬರ್ ತಿಂಗಳು, ಅದರಲ್ಲೂ ಶನಿವಾರ, ಅದರಲ್ಲೂ ಮೈಸೂರು. ಬುದ್ಧಿ ನೆಟ್ಟಗಿದ್ದವರು ಮಾಡುವ ಕೆಲಸವಲ್ಲ. ಆದರೆ ಅವತ್ತು ಸಂಜೆ ನಾಟಕದ ಪರದೆ ಏಳುವುದರೊಳಗೆ ಅವರಿಗೆ ಒಂದು ವಿಷಯ ತಿಳಿಯಲೇಬೇಕಿತ್ತು. ಕೆಟ್ಟಿರುವುದು ಪೆಟ್ಟಿಗೆಯೋ, ತಮ್ಮ ಕಿವಿಯೋ?

ಪೆಟ್ಟಿಗೆ ಕೆಟ್ಟಿದ್ದರೆ ಚಿಂತೆಯಿಲ್ಲ, ರಿಪೇರಿಯಾಗುತ್ತದೆ. ಕಿವಿ ಕೆಟ್ಟಿದ್ದರೆ ಕಲಾವಿದೆ ಹೊಂಬಾಳಮ್ಮನಿಗೆ ತಾವು ಮಾಡಿದ್ದು ಅನ್ಯಾಯ. ಆ ಅನ್ಯಾಯಕ್ಕೆ ರಿಪೇರಿ ಮಾಡುವ ಅಂಗಡಿ ಎಲ್ಲೂ ಇರಲಿಲ್ಲ.

ಗುಬ್ಬಿ ಸೀಮೆಯಲ್ಲಿ ಡ್ರಾಮಾ ಮೇಷ್ಟ್ರು ಎಂದರೆ ಯಾರೂ ವಿವರಣೆ ಕೇಳುವುದಿಲ್ಲ. ಊರಿನವರು ಸೇರಿ ಪೌರಾಣಿಕ ನಾಟಕ ಕಟ್ಟುತ್ತಾರೆ. ಹಾಲಿನ ಡೇರಿಯವನು ಮಂತ್ರಿ, ಬಸ್ ಕಂಡಕ್ಟರು ಸೇನಾಪತಿ, ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಫ್ಯಾಕ್ಟರಿಯ ಗೇಟಿನಲ್ಲಿ ನಿಲ್ಲುವವನು ಮಹಾರಾಜ. ಇವರಿಗೆಲ್ಲ ತಿಂಗಳುಗಟ್ಟಲೆ ಮಾತು ಕಲಿಸಿ, ಹಾಡು ಕಲಿಸಿ, ಮೀಸೆ ತಿರುವುವುದನ್ನೂ ಕಲಿಸಿ ರಂಗದ ಮೇಲೆ ನಿಲ್ಲಿಸುವವರು ಮೇಷ್ಟ್ರು. ಹೆಣ್ಣು ಪಾರ್ಟುಗಳಿಗೆ ಮಾತ್ರ ಊರಿನವರು ಇಳಿಯುವುದಿಲ್ಲ, ಪೇಟೆಯಿಂದ ಕಲಾವಿದೆಯರು ಬರುತ್ತಾರೆ. ನಾಟಕದ ದಿನ ಮೇಷ್ಟ್ರು ರಂಗದ ಮುಂದೆ ಹಾರ್ಮೋನಿಯಂ ಇಟ್ಟುಕೊಂಡು ಕೂತರೆ ಬೆಳಗಾಗುವವರೆಗೆ ಏಳುವುದಿಲ್ಲ. ಪೆಟ್ಟಿಗೆಯ ಮೇಲಿನ ಒಂದೊಂದು ಕಪ್ಪು ಬಿಳುಪು ಪಟ್ಟಿಯನ್ನು ಮನೆ ಅನ್ನುತ್ತಾರೆ. ಮೇಷ್ಟ್ರು ಯಾವ ಮನೆಯಲ್ಲಿ ಶ್ರುತಿ ಹಿಡಿಯುತ್ತಾರೋ ಆ ಮನೆಯಿಂದಲೇ ರಾಜನೂ ಹಾಡಬೇಕು, ರಾಣಿಯೂ ಹಾಡಬೇಕು. ಅದರಲ್ಲಿ ಚೌಕಾಸಿಯಿಲ್ಲ.

ಕದರಯ್ಯ ಮೇಷ್ಟ್ರು ಪೆಟ್ಟಿಗೆ ನುಡಿಸುವ ರೀತಿಯೇ ಬೇರೆ. ಬಲಗೆನ್ನೆಯನ್ನು ಪೆಟ್ಟಿಗೆಗೆ ಒರಗಿಸುವಷ್ಟು ಬಗ್ಗಿ, ಕಣ್ಣುಮುಚ್ಚಿ ನುಡಿಸುತ್ತಿದ್ದರು. ಬೆನ್ನ ಹಿಂದೆ ಬಲಕ್ಕೆ ಮೈಕಿನವನ ದೊಡ್ಡ ಸ್ಪೀಕರು. ಹರೆಯದಿಂದ ಹೀಗೇ ನಡೆದಿತ್ತು.

ಒಂದೆರಡು ವರ್ಷದ ಕೆಳಗೆ ಪೆಟ್ಟಿಗೆಯ ಸ್ವರ ಇಳಿದಂತೆ ಅವರಿಗೆ ಕೇಳತೊಡಗಿತು. ತುಮಕೂರಿನಲ್ಲಿ ರಿಪೇರಿಯವನ ಹತ್ತಿರ ಒಯ್ದರು. ಅವನು ಬಿಚ್ಚಿ, ಊದಿ, ಒರೆಸಿ, "ಏನೂ ಆಗಿಲ್ಲ ಬುಡಿ ಮೇಷ್ಟ್ರೇ, ಕರೆಕ್ಟಾಗೈತೆ" ಅಂದ. ಮೇಷ್ಟ್ರಿಗೆ ಸಿಟ್ಟು ಬಂತು. "ನಿನ್ ಕಿವಿ ತೋರಿಸ್ಕೊಳ್ಳಯ್ಯ ಮೊದ್ಲು" ಎಂದು ಬೈದು ಪೆಟ್ಟಿಗೆ ಎತ್ತಿಕೊಂಡು ಬಂದರು. ಇಳಿದ ಪೆಟ್ಟಿಗೆಗೆ ತಮ್ಮದೇ ಮದ್ದು ಮಾಡಿದರು. ಮೊದಲು ಹಿಡಿಯುತ್ತಿದ್ದುದಕ್ಕಿಂತ ಒಂದು ಮನೆ ಮೇಲೆ ಶ್ರುತಿ ಹಿಡಿದರು. ಈಗ ಸರಿಯಾಗಿ ಕೇಳಿಸಿತು. ಅವರಿಗೆ.

ರಾಣಿ ಪಾರ್ಟಿಗೆ ಪೇಟೆಯಿಂದ ಬರುತ್ತಿದ್ದ ಹೊಂಬಾಳಮ್ಮ ತಾಲೀಮಿನಲ್ಲಿ ಒಂದು ಸಲ ಹೇಳಿ ನೋಡಿದರು. "ಮೇಷ್ಟ್ರೇ, ಶ್ರುತಿ ಯಾಕೋ ಏರೈತೆ."

"ಏರಿಲ್ಲ ಕಣಮ್ಮ, ಪೆಟ್ಟಿಗೆ ಇಳಿದೈತೆ, ನಾನು ಸರಿ ಮಾಡಿದೀನಿ. ನೀನು ಹಾಡು."

ಹೊಂಬಾಳಮ್ಮ ಹಾಡಿದರು. ಐವತ್ತು ದಾಟಿದ ಗಂಟಲಿನಿಂದ, ಒಂದು ಮನೆ ಮೇಲೆ, ಊರೂರಿನಲ್ಲಿ, ರಾತ್ರಿಯಿಡೀ ಹಾಡಿದರು. ಹೋದ ಶಿವರಾತ್ರಿಯಲ್ಲಿ ಕುಣಿಗಲ್ ಕಡೆಯ ಒಂದು ಊರಿನಲ್ಲಿ ಆ ಗಂಟಲು ಕೈಕೊಟ್ಟಿತು. ರಾಣಿ ತನ್ನ ಮಗನನ್ನು ಕಳಿಸಿಕೊಡುವ ಹಾಡು, ತಾರಕಕ್ಕೆ ಏರುವ ಕಡೆ ಸ್ವರ ಎರಡಾಗಿ ಸೀಳಿ ನಿಂತೇ ಹೋಯಿತು. ಮುಂದೆ ಕೂತಿದ್ದ ಹೈಕಳು ಸಿಳ್ಳೆ ಹಾಕಿದರು. ಬೆಳಗಾಗುತ್ತಲೇ ಬಣ್ಣದ ಕೋಣೆಯಲ್ಲಿ ಮಂತ್ರಿ, ಸೇನಾಪತಿ, ಮಹಾರಾಜ ಎಲ್ಲರೂ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತಿರುವಾಗ ಮೇಷ್ಟ್ರು ದೊಡ್ಡದಾಗಿ ಅಂದುಬಿಟ್ಟರು: "ನಿನ್ ಗಂಟಲು ಮುಗೀತು ಹೊಂಬಾಳಮ್ಮ. ಇನ್ನು ಮನೇಲಿರೋದು ಒಳ್ಳೇದು."

ಯಾರೂ ತಲೆಯೆತ್ತಲಿಲ್ಲ. ಹೊಂಬಾಳಮ್ಮ ಒಂದು ಕೆನ್ನೆಯ ಬಣ್ಣ ಮಾತ್ರ ಒರೆಸಿದ್ದರು. ಇನ್ನೊಂದು ಕೆನ್ನೆಯನ್ನೂ ನಿಧಾನವಾಗಿ ಒರೆಸಿ, ಚೀಲ ತೆಗೆದುಕೊಂಡು, ಒಬ್ಬರೇ ಬಸ್ಸಿಗೆ ಹೋದರು. ಅವತ್ತು ಟೀಗೂ ನಿಲ್ಲಲಿಲ್ಲ.

ಟೀ ಎಂದರೆ ಅವರಿಬ್ಬರಿಗೆ ಬರೀ ಟೀ ಆಗಿರಲಿಲ್ಲ. ಎಷ್ಟೋ ವರ್ಷದಿಂದ ನಾಟಕ ಮುಗಿದ ಬೆಳಗಿನಲ್ಲಿ ಇಬ್ಬರೂ, ಗುಬ್ಬಿಯೋ ಕುಣಿಗಲ್ಲೋ, ಬಸ್‌ಸ್ಟ್ಯಾಂಡಿನ ಹತ್ತಿರದ ಟೀ ಅಂಗಡಿಯ ಬೆಂಚಿನಲ್ಲಿ ಕೂತು ತುಮಕೂರಿನ ಮೊದಲ ಬಸ್ಸಿಗೆ ಕಾಯುತ್ತಿದ್ದರು. ಹೊಂಬಾಳಮ್ಮನಿಗೆ ಅದೇನೋ ಒಂದು ಗೀಳು, ಯಾವಾಗಲೂ ಮೇಷ್ಟ್ರ ಎಡಗಡೆಯೇ ಕೂರಬೇಕು. ಮೇಷ್ಟ್ರು ಎಡಕ್ಕೆ ಗೋಡೆ ಬರುವಂತೆ ಕೂತರೆ "ಏಳಿ ಮೇಷ್ಟ್ರೇ, ಈ ಕಡೆ ಬನ್ನಿ" ಎಂದು ಎಬ್ಬಿಸಿ ಜಾಗ ಬದಲಾಯಿಸುತ್ತಿದ್ದರು. ಹೆಂಗಸರ ಏನೋ ಶಾಸ್ತ್ರವಿರಬೇಕು ಎಂದು ಮೇಷ್ಟ್ರು ಕೇಳಲು ಹೋಗಿರಲಿಲ್ಲ. ಮಾತು ಅಪರೂಪ. ರಾತ್ರಿಯಿಡೀ ಮೈಕಿನ ಮುಂದೆ ಕೂಗಿದ ಮೇಲೆ ಯಾರಿಗೆ ಬೇಕು ಮಾತು? ಲೋಟ ಬಿಸಿಯಾಗಿರುತ್ತಿತ್ತು, ರಸ್ತೆ ಖಾಲಿಯಾಗಿರುತ್ತಿತ್ತು, ಅಂಗಡಿಯವನೂ ಅರ್ಧ ನಿದ್ದೆಯಲ್ಲಿರುತ್ತಿದ್ದ. ಮೇಷ್ಟ್ರ ಹೆಂಡತಿ ಮದುವೆಯಾದ ಹೊಸತರಲ್ಲೇ ತೀರಿಕೊಂಡಿದ್ದರು. ಹೊಂಬಾಳಮ್ಮನ ಗಂಡ ಎಲ್ಲಿಗೋ ಹೋದವನು ಬಂದಿರಲಿಲ್ಲ. ಜನ ಏನೇನೋ ಆಡಿಕೊಂಡರು. ಆಡಿಕೊಳ್ಳುವಂಥದ್ದು ಏನೂ ಇರಲಿಲ್ಲ. ಇದ್ದದ್ದು ಆ ಬೆಂಚು, ಆ ಟೀ, ಆ ಸುಮ್ಮನಿರುವಿಕೆ. ಅದು ಹೋದ ಮೇಲೆಯೇ ಮೇಷ್ಟ್ರಿಗೆ ಗೊತ್ತಾಗಿದ್ದು, ತಮ್ಮ ಬದುಕಿನಲ್ಲಿ ನೆಮ್ಮದಿ ಅಂತ ಇದ್ದದ್ದು ಅಷ್ಟೇ ಎಂದು.

ತುಮಕೂರಿನ ಬಟವಾಡಿಯಲ್ಲಿ ಅವರ ಬಾಡಿಗೆ ಕೋಣೆಯ ಕೆಳಗೇ ವೆಲ್ಡಿಂಗ್ ಅಂಗಡಿ, ಎದುರಿಗೇ ಹೈವೇ. ಬಲಗಿವಿಯಲ್ಲಿ ಸದಾ ಕೀಂ ಎನ್ನುವ ಒಂದು ಸದ್ದು. ಅದನ್ನು ಅವರು ಲಾರಿಗಳ ಲೆಕ್ಕಕ್ಕೆ ಬರೆದು ಸುಮ್ಮನಾಗಿದ್ದರು.

ಈಗ ಮೈಸೂರಿನ ನಾಟಕೋತ್ಸವಕ್ಕೆಂದು ಅದೇ ತಂಡದ ಊರಿನವರು ಬಸ್ಸು ಮಾಡಿಕೊಂಡು ಬಂದಿದ್ದರು. ನಾಟಕದ ಜೊತೆಗೆ ಟೂರೂ ಆಗಲಿ ಎಂದು ಹೆಂಡತಿ ಮಕ್ಕಳು, ಅಡುಗೆಯವನು, ಗ್ಯಾಸ್ ಒಲೆ, ಅಕ್ಕಿ ಮೂಟೆ ಎಲ್ಲ ಬಸ್ಸಿನಲ್ಲಿತ್ತು. ರಾಣಿ ಪಾರ್ಟಿಗೆ ತುಮಕೂರಿನಿಂದ ಆಶಾರಾಣಿ ಎನ್ನುವ ಹೊಸ ಹುಡುಗಿ. ನಿನ್ನೆ ಸಂಜೆ ಛತ್ರದಲ್ಲಿ ತಾಲೀಮು ನಡೆಸಿದಾಗ ಆ ಹುಡುಗಿಯ ಸ್ವರವೂ ಸೀಳಿತು. ಹೊಂಬಾಳಮ್ಮನ ಸ್ವರ ಸೀಳಿದ ಅದೇ ಸಾಲಿನಲ್ಲಿ, ಅದೇ ಅಕ್ಷರದ ಮೇಲೆ.

"ಸಾರ್, ಒಂಚೂರು ಇಳಿಸ್ಕೊಡಿ ಸಾರ್, ಎಟುಕ್ತಾ ಇಲ್ಲ" ಅಂದಳು.

ಎಳೆಯ ಗಂಟಲು, ನಿನ್ನೆ ಮೊನ್ನೆ ಅರಳಿದ್ದು. ಇದಕ್ಕೆ ವಯಸ್ಸಾಯಿತು ಅನ್ನುವುದು ಹೇಗೆ? ಮೇಷ್ಟ್ರು ಏನೋ ಗೊಣಗಿ ತಾಲೀಮು ನಿಲ್ಲಿಸಿದರು. ಮಲಗಿದರೆ ನಿದ್ದೆ ಹತ್ತಲಿಲ್ಲ. ಛತ್ರದ ಕೆಳಗೆ ವೆಲ್ಡಿಂಗ್ ಅಂಗಡಿಯಿಲ್ಲ, ಹೈವೇಯೂ ಇಲ್ಲ. ಆದರೂ ಬಲಗಿವಿಯ ಕೀಂ ಸದ್ದು ಬಟವಾಡಿಯಿಂದ ಟಿಕೆಟಿಲ್ಲದೆ ಬಸ್ಸು ಹತ್ತಿ ಜೊತೆಗೇ ಬಂದಿತ್ತು.

ಹೀಗಾಗಿ ಬೆಳಗಿನ ಜಾವದ ಈ ಹುಡುಕಾಟ.

ಛತ್ರದ ಬೀದಿ ಆಗಲೇ ಎದ್ದಿತ್ತು. ಉತ್ತರ ಕರ್ನಾಟಕದ ಯಾವುದೋ ಶಾಲೆಯ ಮಕ್ಕಳು ಬಸ್ಸಿನಿಂದಿಳಿದು ಚರಂಡಿಯ ಪಕ್ಕ ಸಾಲಾಗಿ ಹಲ್ಲುಜ್ಜುತ್ತಿದ್ದರು, ಅವರ ಮೇಷ್ಟ್ರು ಪೀಪಿ ಊದುತ್ತಿದ್ದರು. ಬೆಳಗಿನ ಜಾವಕ್ಕೆ ಪೀಪಿ ಊದುವ ಮೇಷ್ಟ್ರ ಮೇಲೆ ಈ ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. ಅಲ್ಲಿಂದ ಒಂದು ಪಾರ್ಕಿಗೆ ಹೋದರು. ಕಲ್ಲು ಬೆಂಚಿನ ಮೇಲೆ ಪೆಟ್ಟಿಗೆ ಇಟ್ಟರೋ ಇಲ್ಲವೋ, ಹತ್ತಿಪ್ಪತ್ತು ಜನ ಸ್ವೆಟರು ಮಂಕಿ ಕ್ಯಾಪಿನವರು ಸುತ್ತ ನಿಂತು, ಕೈ ಮೇಲೆತ್ತಿ, ಹೊಟ್ಟೆ ಕುಲುಕಿಸಿ ನಗತೊಡಗಿದರು. ಆರೋಗ್ಯಕ್ಕೆ ಒಳ್ಳೆಯದಂತೆ. ನಗುವುದಕ್ಕೆ ಕಾರಣವೇ ಬೇಡವಂತೆ. ಒಬ್ಬರು "ನೀವೂ ಬನ್ನಿ ಸಾರ್" ಎಂದು ಕರೆದರು. ಮೇಷ್ಟ್ರು ಪೆಟ್ಟಿಗೆಯನ್ನು ಮತ್ತೆ ಹೆಗಲಿಗೇರಿಸಿದರು.

ಅರಮನೆಯ ಹತ್ತಿರ ಖಾಲಿಯಿರಬಹುದು ಎಂದುಕೊಂಡರೆ ಅಲ್ಲಿ ಮದುವೆಗೆ ಮುಂಚಿನ ಫೋಟೋ ಶೂಟಿಂಗ್. ಹುಡುಗಿ ಉದ್ದನೆಯ ಲಂಗ ಹರಡಿಕೊಂಡು ಓಡುತ್ತಿದ್ದಳು, ಹುಡುಗ ಹಿಂದೆ ಓಡುತ್ತಿದ್ದ, ಅವರಿಬ್ಬರ ತಲೆಯ ಮೇಲೆ ಡ್ರೋನು ಜುಂಯ್ ಎನ್ನುತ್ತಿತ್ತು. ವಾಕಿಂಗಿಗೆ ಬಂದ ಒಬ್ಬರ ಜೇಬಿನೊಳಗಿಂದ ಸುಪ್ರಭಾತ, ಇನ್ನೊಬ್ಬರ ಜೇಬಿನಿಂದ ಶೇರು ಪೇಟೆಯ ಸುದ್ದಿ. ಹೆಗಲು ನೋಯತೊಡಗಿತು. ಇಷ್ಟು ದೊಡ್ಡ ಊರಿನಲ್ಲಿ ಒಂದು ಪೆಟ್ಟಿಗೆ ಇಟ್ಟು ಒಂದು ಸ್ವರ ಕೇಳುವಷ್ಟು ಜಾಗವಿಲ್ಲವಲ್ಲ ಎಂದು ಅವರಿಗೆ ಅಳುವೇ ಬಂದಂತಾಯಿತು. ಜೊತೆಗೆ ಯಾರಾದರೂ ಇದ್ದಿದ್ದರೆ ಬೈದುಕೊಂಡು ಹಗುರಾಗಬಹುದಿತ್ತು. ಯಾರೂ ಇರಲಿಲ್ಲ.

ಮುಖ್ಯ ರಸ್ತೆ ಬಿಟ್ಟು ಒಂದು ಸಣ್ಣ ಬೀದಿಗೆ ತಿರುಗಿದಾಗ ಸದ್ದು ತಟ್ಟನೆ ಹಿಂದೆ ಉಳಿಯಿತು. ಎರಡೂ ಕಡೆ ಹಳೆಯ ಗೋಡೆ, ಮೇಲೆ ಮಳೆಮರದ ಕೊಂಬೆಗಳು. ಗೋಡೆಯ ಪಕ್ಕ ಒಂದೇ ಒಂದು ಟಾಂಗಾ ನಿಂತಿತ್ತು. ಕುದುರೆ ಹುಲ್ಲಿನ ಚೀಲಕ್ಕೆ ಮೂತಿ ಇಟ್ಟುಕೊಂಡಿತ್ತು. ಟಾಂಗಾದವನು ಸೀಟಿನ ಮೇಲೆ ಮುದುರಿಕೊಂಡು ಕೂತು ಬೀಡಿ ಸೇದುತ್ತಿದ್ದ.

"ಸವಾರೀನಾ ಸಾರ್? ಬಿಸಿಲೇರ್ಲಿ, ಇನ್ನೂ ಯಾರೂ ಬಂದಿಲ್ಲ."

"ಸವಾರಿ ಬೇಡಪ್ಪ. ಇಲ್ಲಿ ಒಂಚೂರು ಕೂತ್ಕೋಬಹುದಾ?"

"ಕೂತ್ಕೊಳಿ. ರಸ್ತೆ ಏನು ನಮ್ಮಪ್ಪಂದಾ? ಯಾವೂರು ತಮ್ದು?"

"ತುಮಕೂರು ಕಡೆ."

"ಹಂಗಾದ್ರೆ ನಿಮ್ಮೂರಿಂದೇ ನೋಡಿ ಇದು. ಕುಣಿಗಲ್ ಕುದುರೆ ಅಂತ ಮಾರ್ದ ಒಬ್ಬ. ಸುಳ್ಳೇ ಇರ್ಬೇಕು. ಓಡೋದ್ ನೋಡಿದ್ರೆ ಕತ್ತೆ ವಂಶ."

ಕುಣಿಗಲ್ ಎಂದ ಕೂಡಲೇ ಮೇಷ್ಟ್ರಿಗೆ ಆ ಶಿವರಾತ್ರಿ ನೆನಪಾಯಿತು. ಟಾಂಗಾದ ಹಿಂದಿನ ಮೆಟ್ಟಿಲ ಮೇಲೆ ಕೂತು, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ತಿದಿ ಒತ್ತಿ, ತಾವು ಶ್ರುತಿ ಹಿಡಿಯುವ ಮನೆಯನ್ನು ಒತ್ತಿದರು. ಎಂದಿನಂತೆ ಬಲಗೆನ್ನೆ ಬಗ್ಗಿಸಿದರು. ಸ್ವರ ಸರಿಯಾಗಿಯೇ ಇತ್ತು. ಹಳೆಯ ಮನೆಗೆ ಇಳಿದು ನೋಡಿದರು. ಕುಸಿದಂತಿತ್ತು, ನೀರು ಕುಡಿದ ಗೋಡೆಯ ಹಾಗೆ. ಪೆಟ್ಟಿಗೆಯೇ ಇಳಿದಿದೆ ಹಾಗಾದರೆ. ಅರೆಗಳಿಗೆ ಅವರಿಗೆ ಸಮಾಧಾನವಾಯಿತು. ಆ ಸಮಾಧಾನಕ್ಕೆ ನಾಚಿಕೆಯೂ ಆಯಿತು.

ಅಷ್ಟರಲ್ಲಿ ಬಲಗಡೆ ಬೀದಿಯ ಕೊನೆಯಲ್ಲಿ ಟೂರಿಸ್ಟ್ ಬಸ್ಸೊಂದು ಉದ್ದಕ್ಕೆ ಹಾರನ್ ಹೊಡೆಯುತ್ತ ಹೋಯಿತು. ಮೇಷ್ಟ್ರು ಬೈದುಕೊಂಡು, ಮನೆ ಒತ್ತಿದ್ದ ಬಲಗೈಯನ್ನು ಎತ್ತಿ ಬಲಗಿವಿ ಮುಚ್ಚಿದರು. ಹೀಗೇ ಮುಚ್ಚಿಕೊಂಡು ಸ್ವರ ಕೇಳಿ ನೋಡಿದರೆ ಹೇಗೆ ಅನ್ನಿಸಿತು; ತಿದಿಗೆ ಎಡಗೈ ಇತ್ತು, ಮನೆ ಒತ್ತಲು ಕೈಯಿರಲಿಲ್ಲ, ಟಾಂಗಾದವನನ್ನು ಕರೆದರು.

"ಅಪ್ಪಾ, ಈ ಮನೆ ಮೇಲೆ ಒಂದು ಬೆರಳಿಟ್ಟು ಹಿಡ್ಕೋ. ಬಿಡಬೇಡ."

ಟಾಂಗಾದವನು ಬೀಡಿಯನ್ನು ಬಾಯಿಗೆ ಸಿಕ್ಕಿಸಿ ಬೆರಳಿಟ್ಟ. ಮೇಷ್ಟ್ರು ಎಡಗೈಯಲ್ಲಿ ತಿದಿ ಒತ್ತಿದರು, ಬಲಗೈಯಿಂದ ಬಲಗಿವಿ ಮುಚ್ಚಿದರು. ಸ್ವರ ಮೇಲೆದ್ದಿತು.

ಮೇಷ್ಟ್ರು ಕೈ ತೆಗೆದು ಪೆಟ್ಟಿಗೆಗೆ ಬಗ್ಗಿದರು. ಸ್ವರ ಕುಸಿಯಿತು. ಮತ್ತೆ ಮುಚ್ಚಿದರು. ಸ್ವರ ಎದ್ದು ತನ್ನ ಜಾಗದಲ್ಲಿ ನೆಟ್ಟಗೆ ನಿಂತಿತು, ರಿಪೇರಿಯವನು ಹೇಳಿದ ಹಾಗೆ, ಕರೆಕ್ಟಾಗಿ.

"ನೀನು ಬೆರಳು ಬೇರೆ ಮನೆಗೆ ಇಟ್ಟೆಯಾ?"

"ಇಲ್ಲ ಸಾರ್. ಹಿಡ್ಕೋ ಅಂದ್ರಿ, ಹಿಡ್ಕೊಂಡಿದೀನಿ."

"ಸದ್ದು ಮೇಲೆ ಕೆಳಗೆ ಆಯ್ತಲ್ಲ?"

"ಎಲ್ಲಿ ಸಾರ್? ಒಂದೇ ಸಮ ಬರ್ತಾ ಐತೆ, ಕುಯ್ಯೋ ಅಂತ." ಟಾಂಗಾದವನಿಗೆ ಈ ಮುದುಕರ ಬಗ್ಗೆ ಸ್ವಲ್ಪ ಅನುಮಾನ ಬಂತು. "ಹುಷಾರಾಗಿದೀರಾ ಸಾರ್? ನೀರು ಕೊಡ್ಲಾ?"

ಕುದುರೆ ಹುಲ್ಲಿನ ಚೀಲದಿಂದ ತಲೆಯೆತ್ತಿತ್ತು. ಅದರ ಎರಡೂ ಕಿವಿಗಳು ಪೆಟ್ಟಿಗೆಯ ಕಡೆಗೆ ಒಟ್ಟಿಗೆ ತಿರುಗಿದ್ದವು. ಮೇಷ್ಟ್ರು ಅದನ್ನೇ ನೋಡುತ್ತ ಕೂತರು. ಒಂದೇ ಸ್ವರ, ತಮಗೆ ಎರಡು ಕಿವಿಯಲ್ಲಿ ಎರಡು. ಬಲಗಿವಿ ಯಾವಾಗಲೋ ಕೆಟ್ಟುಹೋಗಿದೆ. ಕೆಟ್ಟ ಕಿವಿಯನ್ನೇ ಪೆಟ್ಟಿಗೆಗೆ ಬಗ್ಗಿಸಿ, ಅದು ಹೇಳಿದ್ದನ್ನೇ ನಂಬಿ, ಊರಿನವರನ್ನೆಲ್ಲ ಒಂದು ಮನೆ ಮೇಲೆ ಕಿರುಚಿಸಿದ್ದಾಯಿತು. ರಿಪೇರಿಯವನನ್ನು ಬೈದದ್ದಾಯಿತು. ಹೊಂಬಾಳಮ್ಮನ ಗಂಟಲು ಹರಿದು, ಅವರನ್ನೇ ಎಲ್ಲರೆದುರು ಮನೆಗೆ ಕಳಿಸಿದ್ದಾಯಿತು.

ಬೇಕಾಗಿದ್ದ ಜಾಗ ಸಿಕ್ಕಿತ್ತು. ಬೀದಿ ಎಷ್ಟು ಸುಮ್ಮನಿತ್ತು ಎಂದರೆ ಕುದುರೆ ಹುಲ್ಲು ಅಗಿಯುವುದೂ ಕೇಳಿಸುತ್ತಿತ್ತು. ಅದರ ಮೇಲೆ ಬಲಗಿವಿಯ ಕೀಂ ಸದ್ದು ಮಾತ್ರ ಬಿಡದೆ ಕೂಗುತ್ತಿತ್ತು. ಇನ್ನು ಯಾವ ಊರಿಗೆ ಹೋದರೂ, ಎಷ್ಟು ಬೇಗ ಎದ್ದರೂ ಇದು ತಮ್ಮನ್ನು ಬಿಡುವುದಿಲ್ಲ ಎಂದು ಮೇಷ್ಟ್ರಿಗೆ ಅರ್ಥವಾಯಿತು. ಹೆದರಿಕೆಯಾಯಿತು. ಸಾಯುವ ಹೆದರಿಕೆಯಲ್ಲ, ಒಬ್ಬರೇ ಉಳಿಯುವ ಹೆದರಿಕೆ.

ಫೋನು ತೆಗೆದರು. ಶಿವರಾತ್ರಿಯಿಂದ ಈಚೆಗೆ ಒತ್ತದ ಹೆಸರು. ಯಾವಾಗಲೂ ಫೋನನ್ನು ಮುಖದ ಮುಂದೆ ಹಿಡಿದು ಸ್ಪೀಕರ್ ಹಾಕಿ ಇಡೀ ಬೀದಿಗೆ ಕೇಳುವಂತೆ ಮಾತಾಡುವುದು ಅವರ ಅಭ್ಯಾಸ. ಅವತ್ತು ಮೊದಲ ಸಲ ಎಡಗಿವಿಗೆ ಇಟ್ಟುಕೊಂಡರು.

"ಹೇಳಿ ಮೇಷ್ಟ್ರೇ."

ಅದೇ ದನಿ. ಎಲ್ಲೂ ಬಿರುಕಿಲ್ಲ. ಮೇಷ್ಟ್ರು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡರು.

"ಮೇಷ್ಟ್ರೇ? ಏನು ಇಷ್ಟೊತ್ನಲ್ಲಿ? ಹುಷಾರಾಗಿದೀರಾ?"

"ಹುಷಾರಾಗಿದೀನಿ. ಮೈಸೂರಲ್ಲಿದೀನಿ, ನಾಟಕ ಐತೆ. ನೀನು ಎದ್ದಿದ್ದೆಯಾ?"

"ಎದ್ದು ರೋಡಿಗೆ ಬಂದು ನಿಂತಿದೀನಿ. ವಸಂತನರಸಾಪುರದಲ್ಲಿ ಒಂದು ಫ್ಯಾಕ್ಟ್ರಿ ಕ್ಯಾಂಟೀನ್ನಲ್ಲಿ ತರಕಾರಿ ಹೆಚ್ಚೋ ಕೆಲಸ. ಕಂಪ್ನಿ ಗಾಡಿ ಬರ್ತದೆ ಇನ್ನೇನು. ಏನ್ ಹೇಳಿ."

ಮೇಷ್ಟ್ರು ಸುತ್ತಿ ಬಳಸಲಿಲ್ಲ. "ಹೊಂಬಾಳಮ್ಮ, ಕುಣಿಗಲ್ ನಾಟಕದಲ್ಲಿ ನಿನ್ ಗಂಟಲಿಗೆ ಏನೂ ಆಗಿರ್ಲಿಲ್ಲ ಕಣಮ್ಮ. ನನ್ ಬಲಗಿವಿ ಕೆಟ್ಟೈತೆ. ಸ್ವರ ಇಳಿದು ಕೇಳ್ತದೆ. ಅದಕ್ಕೇ ಏರಿಸಿ ಏರಿಸಿ ನಿನ್ ಗಂಟಲು ಹಾಳು ಮಾಡಿದೆ. ಈಗ ಗೊತ್ತಾಯ್ತು ನಂಗೆ, ಈಗ ಒಂದ್ ಗಳಿಗೆ ಮುಂಚೆ."

ಆ ಕಡೆ ಲಾರಿಯೊಂದು ಹಾದುಹೋಯಿತು.

"ಈಗ ಗೊತ್ತಾಯ್ತಾ?" ಅಂದರು ಹೊಂಬಾಳಮ್ಮ.

"ಹಂಗಂದ್ರೆ?"

"ನಂಗೆ ಯಾವಾಗ್ಲೋ ಗೊತ್ತಿತ್ತು. ಬಲಗಡೆ ಕೂತು ಮಾತಾಡ್ಸಿದ್ರೆ ನೀವು ಉತ್ತರಾನೇ ಕೊಡ್ತಿರ್ಲಿಲ್ಲ. ಮೊದಮೊದ್ಲು ಜಂಬ ಅಂದ್ಕೊಂಡಿದ್ದೆ. ಆಮೇಲೆ ನೋಡಿದ್ರೆ, ಪಾಪ, ಕೇಳಿಸ್ತಾನೇ ಇಲ್ಲ. ಅದಕ್ಕೇ ಅಲ್ವಾ ನಿಮ್ನ ಎಬ್ಬಿಸಿ ಎಬ್ಬಿಸಿ ಎಡಗಡೆ ಕೂತ್ಕೋತಿದ್ದಿದ್ದು?"

ಮೇಷ್ಟ್ರು ಟಾಂಗಾದ ಕಂಬಿಯನ್ನು ಹಿಡಿದುಕೊಂಡರು. "ಬಾಯಿಬಿಟ್ಟು ಹೇಳ್ಬಾರ್ದಿತ್ತಾ?"

"ಶ್ರುತಿ ಏರೈತೆ ಅಂತ ಹೇಳ್ದೆ. ಮುಖ ಗಂಟಿಕ್ಕಿದ್ರಿ. ಕಿವಿ ಕೇಳಲ್ಲ ಅಂತ ಹೆಂಗೆ ಹೇಳ್ಲಿ? ಕಿವಿ ಹೋದ ಮೇಷ್ಟ್ರನ್ನ ಯಾವ ಊರೋರು ಕರೀತಾರೆ? ಗಂಟಲು ಹೋದೋಳಿಗಾದ್ರೆ ತರಕಾರಿ ಹೆಚ್ಚೋ ಕೆಲ್ಸನಾದ್ರೂ ಸಿಗ್ತದೆ."

"ಹಂಗೆಲ್ಲ ಹೇಳ್ಬೇಡ ಕಣಮ್ಮ."

"ಹಾಡು ಹೋಗಿದ್ದಕ್ಕೆ ಬೇಜಾರಿಲ್ಲ ಮೇಷ್ಟ್ರೇ. ಎಲ್ರ ಮುಂದೆ ಅಂದ್ರಲ್ಲ, ಅದಕ್ಕೆ. ಟೀ ಕುಡೀತಾ ಹೇಳಿದ್ರೆ ನಾನೇ ಬಿಡ್ತಿದ್ದೆ." ಹತ್ತಿರದಲ್ಲೆಲ್ಲೋ ಗಾಡಿಯ ಹಾರನ್ ಕೇಳಿಸಿತು. "ಹೋಗ್ಲಿ ಬುಡಿ. ಇವತ್ತು ಒಂದು ಮನೆ ಇಳಿಸಿ ನುಡಿಸಿ ಅಷ್ಟೇ. ಯಾರ್ಗೂ ಏನೂ ಹೇಳೋಕೋಗ್ಬೇಡಿ. ಗಾಡಿ ಬಂತು, ಇಡ್ತೀನಿ."

ಫೋನು ಸುಮ್ಮನಾಯಿತು. ಮೇಷ್ಟ್ರು ಅದನ್ನು ಇನ್ನೂ ಎಡಗಿವಿಯಲ್ಲೇ ಇಟ್ಟುಕೊಂಡಿದ್ದರು. ಟಾಂಗಾದವನು ಕೇಳಿಯೂ ಕೇಳದವನಂತೆ ಕುದುರೆಯ ಬೆನ್ನು ಉಜ್ಜುತ್ತಿದ್ದ.

ಛತ್ರಕ್ಕೆ ನಡೆದು ಬರುವಾಗ ಊರು ಪೂರ್ತಿ ಎದ್ದಿತ್ತು. ಹೇಳಬೇಡಿ ಎಂದಿದ್ದಾಳೆ. ಹೇಳದಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಒಂದು ಮನೆ ಇಳಿಸಿದರೆ ನಾಟಕ ಚೆನ್ನಾಗೇ ಆಗುತ್ತದೆ, ಮುಂದಿನ ಊರಿನವರೂ ಕರೆಯುತ್ತಾರೆ, ಪೆಟ್ಟಿಗೆ ತೊಡೆಯ ಮೇಲೆ ಉಳಿಯುತ್ತದೆ. ಪೆಟ್ಟಿಗೆ ಹೋದರೆ ಬಟವಾಡಿಯ ಆ ಕೋಣೆಯಲ್ಲಿ ಕಿವಿಯ ಕೂಗು ಕೇಳುತ್ತ ಗೋಡೆ ನೋಡಬೇಕು. ಮೇಷ್ಟ್ರು ಸಂತರೇನಲ್ಲ. ಮೂಲೆಯ ಹೋಟೆಲ್ಲಿನವರೆಗೂ ಹೇಳುವುದು ಬೇಡ ಎಂದೇ ನಡೆದರು. ಆಮೇಲೆ, ಒಂದು ಕೆನ್ನೆ ಒರೆಸಿಕೊಂಡು ಇನ್ನೊಂದು ಕೆನ್ನೆಯಲ್ಲಿ ಬಣ್ಣವಿದ್ದ ಹೊಂಬಾಳಮ್ಮನ ಮುಖ ನೆನಪಾಗಿ, ಹೆಜ್ಜೆ ಜೋರು ಮಾಡಿದರು.

ಛತ್ರದ ಅಂಗಳದಲ್ಲಿ ಸಂತೆ. ಅಡುಗೆಯವನು ಉಪ್ಪಿಟ್ಟು ಬಡಿಸುತ್ತಿದ್ದ. ಮಕ್ಕಳು ಮೊದಲು ಮೃಗಾಲಯ ಎಂದು ಕೂಗುತ್ತಿದ್ದರು, ಹೆಂಗಸರು ಮೊದಲು ಬೆಟ್ಟ ಎನ್ನುತ್ತಿದ್ದರು. ಮಹಾರಾಜನ ಪಾರ್ಟಿನ ರಂಗರಾಜು ಲುಂಗಿ ಮೇಲೆ ಕಟ್ಟಿಕೊಂಡು ಎದುರು ಬಂದ. ತಂಡದ ಯಜಮಾನಿಕೆಯೂ ಅವನದೇ.

"ಎಲ್ಲೋಗಿದ್ರಿ ಮೇಷ್ಟ್ರೇ? ಪೆಟ್ಟಿಗೇನೂ ಇಲ್ಲ, ನೀವೂ ಇಲ್ಲ. ನಾವೇನು ತಿಳ್ಕೋಬೇಕು?"

ಮೇಷ್ಟ್ರು ಪೆಟ್ಟಿಗೆಯನ್ನು ಅಂಗಳದ ನಡುವೆ ಇಟ್ಟರು. ತಾಲೀಮಿನಲ್ಲಿ ಕಡೆಯ ಸಾಲಿನವನಿಗೂ ಕೇಳುವಂತೆ ಮಾತು ಹೇಳಿಕೊಡುವ ದನಿ ತೆಗೆದರು.

"ಎಲ್ರೂ ಕೇಳಿ. ಕುಣಿಗಲ್ ನಾಟಕದಲ್ಲಿ ಹೊಂಬಾಳಮ್ಮನ ಗಂಟಲು ಮುಗೀತು ಅಂದೆ, ನೀವೆಲ್ಲ ಇದ್ರಿ. ಆಯಮ್ಮನ ಗಂಟಲಿಗೆ ಏನೂ ಆಗಿರ್ಲಿಲ್ಲ. ಆಗಿದ್ದು ನನ್ ಕಿವಿಗೆ. ಬಲಗಿವಿ ಹೋಗೈತೆ. ತಪ್ಪು ಶ್ರುತಿ ಹಿಡಿದು ಆಯಮ್ಮನ್ನ ಕಿರುಚಿಸ್ದೋನು ನಾನು, ಅವಮಾನ ಮಾಡ್ದೋನೂ ನಾನು. ನಿನ್ನೆ ಈ ಹುಡುಗಿ ಸ್ವರ ಸೀಳಿದ್ದೂ ನನ್ನಿಂದಾನೇ."

ಉಪ್ಪಿಟ್ಟಿನ ಸೌಟು ನಿಂತಿತು. ಮಕ್ಕಳು ದೊಡ್ಡವರ ಮುಖ ನೋಡಿ ಬಾಯಿ ಮುಚ್ಚಿದರು. ಮಂತ್ರಿ ಸೇನಾಪತಿಯನ್ನು ನೋಡಿದ, ಸೇನಾಪತಿ ನೆಲ ನೋಡಿದ. ಬೆಳಗಿನಿಂದ ಮೈಸೂರೆಲ್ಲ ಸುತ್ತಿ ಹುಡುಕಿದ ನಿಶ್ಶಬ್ದ ಈಗ ತಾನಾಗಿ ಬಂದು ಅಂಗಳದಲ್ಲಿ ನಿಂತಿತು. ಮೇಷ್ಟ್ರು ತಲೆ ತಗ್ಗಿಸದೆ ನಿಂತುಕೊಂಡರು.

"ಇವತ್ತಿನ ನಾಟಕ?" ಅಂದ ರಂಗರಾಜು ಕಡೆಗೆ.

"ಹಳೇ ಮನೆ ಹಿಡಿದು ನುಡಿಸ್ತೀನಿ. ಕೈಗೆ ಗೊತ್ತೈತೆ, ಕಿವಿ ಬೇಕಾಗಿಲ್ಲ. ಯುಗಾದಿಗೆ ನಿಮ್ಮೂರ ನಾಟಕಕ್ಕೆ ಬೇರೆ ಮೇಷ್ಟ್ರನ್ನ ನೋಡ್ಕಳಿ. ರಾಣಿ ಪಾರ್ಟಿಗೆ ಮಾತ್ರ ಹೊಂಬಾಳಮ್ಮನ್ನೇ ಕರೀರಿ."

ಇಲ್ಲ ಬುಡಿ ಮೇಷ್ಟ್ರೇ, ನೀವೇ ಇರಿ ಎಂದು ಯಾರಾದರೂ ಅನ್ನಬಹುದು ಎಂಬ ಆಸೆ ಅವರಿಗೆ ಇತ್ತು. ಇಲ್ಲದೆ ಏನು? ರಂಗರಾಜು ಗಡ್ಡ ಕೆರೆದುಕೊಂಡು, "ಆಯಮ್ಮನ ನಂಬರ್ ಕೊಡಿ" ಅಂದ. ಮೇಷ್ಟ್ರು ಕೊಟ್ಟರು. ಅವನು ಫೋನು ಹಿಡಿದು ಬಾಗಿಲಾಚೆ ಹೋದ. ಅಂಗಳದಲ್ಲಿ ಸೌಟು ಮತ್ತೆ ಸದ್ದು ಮಾಡಿತು. ಆಶಾರಾಣಿ ಒಂದು ತಟ್ಟೆ ಉಪ್ಪಿಟ್ಟು ತಂದು ಮೇಷ್ಟ್ರ ಕೈಗೆ ಕೊಟ್ಟು ಹೋದಳು.

ಜಗಲಿಯ ಬೆಂಚಿನ ಮೇಲೆ ಮೇಷ್ಟ್ರು ಕೂತರು. ತಿನ್ನಲಾಗಲಿಲ್ಲ. ಸ್ವಲ್ಪ ಹೊತ್ತಿಗೆ ಬೆಂಚು ಅಲುಗಿದಂತಾಯಿತು. ರಂಗರಾಜು ಬಲಗಡೆ ಕೂತು ತುಟಿ ಆಡಿಸುತ್ತಿದ್ದ. ಅಂಗಳದ ಗಲಾಟೆಯಲ್ಲಿ ಏನೂ ಕೇಳಿಸಲಿಲ್ಲ.

ಮೇಷ್ಟ್ರು ಎಡಗಡೆಯ ಖಾಲಿ ಜಾಗವನ್ನು ಒಂದು ಸಲ ನೋಡಿದರು. ಆಮೇಲೆ ಅದನ್ನು ಕೈಯಿಂದ ಸವರಿ, "ಈ ಕಡೆ ಬಾರಪ್ಪ. ಇಲ್ಲಿ ಕೂತು ಹೇಳು" ಅಂದರು.

ರಂಗರಾಜು ಎದ್ದು ಬಂದು ಎಡಗಡೆ ಕೂತ. "ಆಯಮ್ಮ ಫೋನ್ ಎತ್ತಿದ್ರು. ನಿಮ್ ಗಂಟಲು ಸರಿ ಐತೆ, ಮೇಷ್ಟ್ರೇ ಎಲ್ರ ಮುಂದೆ ಹೇಳಿದ್ರು, ಯುಗಾದಿ ನಾಟಕಕ್ಕೆ ಬನ್ನಿ ಅಂದೆ. ಖುಷಿ ಪಟ್ರು. ಆಮೇಲೆ ಪೆಟ್ಟಿಗೆ ಯಾರ್ದು ಅಂತ ಕೇಳಿದ್ರು."

"ಏನಂದೆ?"

"ಬೇರೆ ಮೇಷ್ಟ್ರು ನೋಡ್ತೀವಿ ಅಂದೆ. ಸುಮ್ನಾಗ್ಬುಟ್ರು. ಲೈನ್ ಕಟ್ಟಾಯ್ತೇನೋ ಅಂದ್ಕೊಂಡೆ, ಇಲ್ಲ, ಗಾಡಿ ಸದ್ದು ಬರ್ತಾನೇ ಇತ್ತು."

"ಆಮೇಲೆ?"

"ಹಂಗಾದ್ರೆ ಯೋಚ್ನೆ ಮಾಡಿ ಹೇಳ್ತೀನಿ ಅಂದ್ರು ಮೇಷ್ಟ್ರೇ."